ಚಿಕ್ಕ ಸ್ಟುಡಿಯೊದಲ್ಲಿ ನಟರಿಗೆ ಲೈಟಿಂಗ್: ಸುಮಾರು ಒಂದು ಗಂಟೆಯಲ್ಲಿ ಮುಗಿಸುವ ಕ್ರಮ

ಮೈಸೂರು, ಮಂಡ್ಯದ ಕಡೆ ಕಿರುಚಿತ್ರವೋ ವೆಬ್ ಸರಣಿಯೋ ಅಂಗಡಿ ಜಾಹೀರಾತೋ ತೆಗೆಯುವ ಹೆಚ್ಚಿನ ತಂಡಗಳಿಗೆ ಸ್ಟುಡಿಯೊ ಅಂದರೆ ಮನೆಯ ಮಹಡಿ ಮೇಲಿನ ಕೋಣೆ, ಇಲ್ಲವೇ ಮದುವೆ ಫೋಟೊ ಸ್ಟುಡಿಯೊದವರು ದಿನಬಾಡಿಗೆಗೆ ಕೊಟ್ಟ ಹಾಲ್. ಸುಮಾರು 12 ಅಡಿಗೆ 15 ಅಡಿ, ಸೀಲಿಂಗ್ 9-10 ಅಡಿ. ಅಲ್ಲಿಂದ ಬರುವ ತಪ್ಪುಗಳೂ ಒಂದೇ ಥರ: ಮುಖ ಚಪ್ಪಟೆ, ಹಿಂದಿನ ಗೋಡೆ ಮೇಲೆ ಎರಡೆರಡು ನೆರಳು, ಒಂದು ಶಾಟ್‌ನಲ್ಲಿ ಕೆಂಪಗಿದ್ದ ಕೆನ್ನೆ ಇನ್ನೊಂದರಲ್ಲಿ ಹಸಿರು.

ಲೈಟು ಸಾಲದೆ ಹೀಗಾಗುವುದು ಬಹಳ ಅಪರೂಪ. ಬಂದ ಕೂಡಲೇ ಮೂರೂ ಲೈಟ್ ಹಾಕಿ, ಸೆಟ್ ಚೆಂದ ಮಾಡಿ, ಕೊನೆಗೆ ನಟರನ್ನು ಕರೆದು ಖಾಲಿ ಉಳಿದ ಜಾಗದಲ್ಲಿ ನಿಲ್ಲಿಸುವುದರಿಂದ ಆಗುತ್ತದೆ. ಇದನ್ನು ತಿರುಗಿಸಿ. ಮೊದಲು ನಟರ ಜಾಗ, ಆಮೇಲೆ ಒಂದೇ ಒಂದು ಲೈಟ್. ಮಿಕ್ಕಿದ್ದೆಲ್ಲ ಬೇಕೆನಿಸಿದರೆ ಮಾತ್ರ.

## ಕೈಯಲ್ಲಿ ಏನಿರಬೇಕು

60ರಿಂದ 100 ವ್ಯಾಟ್‌ನ ಒಂದು ಸಿಒಬಿ ಎಲ್ಇಡಿ (ಒಂದೇ ದೊಡ್ಡ ಚಿಪ್‌ನಿಂದ ಬೆಳಕು ಕೊಡುವಂಥದ್ದು), ಅದಕ್ಕೆ 90 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದು ಮಾಡುವ ಬಟ್ಟೆಯ ಪೆಟ್ಟಿಗೆ), ಸಾಧ್ಯವಾದರೆ ಗ್ರಿಡ್ (ಬೆಳಕು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಜಾಲರಿ) ಸಮೇತ. ನಟರ ಹಿಂದಿನಿಂದ ಬೀಳುವ ಬ್ಯಾಕ್ ಲೈಟಿಗೆ 20-30 ವ್ಯಾಟ್‌ನ ಸಣ್ಣ ಎಲ್ಇಡಿ ಅಥವಾ ಟ್ಯೂಬ್. 300 ವ್ಯಾಟ್ ಬಾಡಿಗೆಗೆ ತರಬೇಡಿ. ಐಎಸ್ಒ 800 (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ), ಎಫ್ 2.8ರಲ್ಲಿ (ಲೆನ್ಸ್ ಕಿಂಡಿಯ ಅಳತೆ) ಇಷ್ಟು ಚಿಕ್ಕ ಕೋಣೆಗೆ 60 ವ್ಯಾಟೇ ಹೆಚ್ಚಾಗಿ, ಇಳಿಸಿಕೊಳ್ಳುವ ಪಾಡು ಬರುತ್ತದೆ. ಲೈಟಿನ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ರ ಮೇಲಿರಲಿ. ಅದಕ್ಕಿಂತ ಕೆಳಗಿನ ಅಗ್ಗದ ಲೈಟುಗಳಲ್ಲಿ ನಮ್ಮ ಮೈಬಣ್ಣದ ಕೆಂಪು ಸತ್ತುಹೋಗುತ್ತದೆ. ಎಡಿಟಿಂಗ್‌ನಲ್ಲಿ ಎಷ್ಟು ತಿದ್ದಿದರೂ ಅದು ಪೂರ್ತಿ ವಾಪಸ್ ಬರುವುದಿಲ್ಲ.

ಇದರ ಜೊತೆಗೆ 4 ಅಡಿಗೆ 2 ಅಡಿಯ ಎರಡು ಥರ್ಮಾಕೋಲ್ ಹಲಗೆ, 3-4 ಮೀಟರ್ ಮಂದ ಕರಿ ಬಟ್ಟೆ (ಮಿರುಗುವ ಸ್ಯಾಟಿನ್ ಬೇಡ), ಬಟ್ಟೆ ಕ್ಲಿಪ್ಪುಗಳು, ಗ್ಯಾಫರ್ ಟೇಪ್, ಎರಡು ಎಕ್ಸ್‌ಟೆನ್ಷನ್ ಬಾಕ್ಸ್, ಅಳತೆ ಟೇಪ್. ಸ್ಯಾಂಡ್‌ಬ್ಯಾಗ್ ಇಲ್ಲದಿದ್ದರೆ ಗಟ್ಟಿ ಚೀಲಕ್ಕೆ 5 ಕೆ.ಜಿ. ಎಂ-ಸ್ಯಾಂಡ್ ತುಂಬಿ ಹೊಲಿದುಕೊಳ್ಳಿ. ಭಾರಕ್ಕೆ ಅಂತ ನೀರಿನ ಕ್ಯಾನ್ ಮಾತ್ರ ಕಟ್ಟಬೇಡಿ. ಕೆಳಗೇ ವೈರ್ ಹಾದುಹೋಗಿರುತ್ತದೆ.

ಫೋಟೊ ಸ್ಟುಡಿಯೊ ಬಾಡಿಗೆಗೆ ಹಿಡಿಯುವವರು ಒಂದು ಮಾತು ಮೊದಲೇ ಕೇಳಿ: ಅಲ್ಲಿರುವುದು ಫ್ಲಾಶ್ ಲೈಟೋ, ಸದಾ ಉರಿಯುವ ಲೈಟೋ? "ಸಾಫ್ಟ್‌ಬಾಕ್ಸ್ ನಾಲ್ಕಿವೆ" ಅಂದದ್ದನ್ನು ನಂಬಿ ಹೋದವರಿಗೆ ಫ್ಲಾಶ್ ಸಿಗುತ್ತದೆ, ಅದು ವಿಡಿಯೊಗೆ ಬರದು. ಅದರೊಳಗಿನ ಮಾಡೆಲಿಂಗ್ ಬಲ್ಬ್ ಹಳದಿ ಹ್ಯಾಲೊಜೆನ್ ಆಗಿದ್ದರೆ ನಿಮ್ಮ ಬಿಳಿ ಎಲ್ಇಡಿ ಜೊತೆ ಹೊಂದುವುದೂ ಇಲ್ಲ. ಆದರೆ ಆ ಸಾಫ್ಟ್‌ಬಾಕ್ಸ್ ಬೊವೆನ್ಸ್ ಮೌಂಟ್‌ನದಾಗಿದ್ದರೆ (ಲೈಟಿಗೆ ಸಿಕ್ಕಿಸುವ ಒಂದು ಬಗೆಯ ಹಿಡಿ) ಕಳಚಿ ನಿಮ್ಮ ಸಿಒಬಿ ಲೈಟಿಗೆ ಹಾಕಿಕೊಳ್ಳಬಹುದು.

## ಹಂತ 1: ಕೋಣೆ ಕತ್ತಲಾಗಲಿ (10 ನಿಮಿಷ)

ಟ್ಯೂಬ್‌ಲೈಟ್, ಬಲ್ಬ್, ದೇವರ ಗೂಡಿನ ಸೀರಿಯಲ್ ಸೆಟ್ ಸಹಿತ ಎಲ್ಲ ಆರಿಸಿ. ಕಿಟಕಿಗೆ ಹೊರಗಿನಿಂದಲೋ ಒಳಗಿನಿಂದಲೋ ಕರಿ ಬಟ್ಟೆ ಕಟ್ಟಿ. ನ್ಯೂಸ್ ಪೇಪರ್ ಅಂಟಿಸಿದರೆ ಬೆಳಕು ಸೋರುತ್ತದೆ, ಎರಡು ಪದರ ಬ್ರೌನ್ ಪೇಪರ್ ಪರವಾಗಿಲ್ಲ. ಐಎಸ್ಒ 800, ಎಫ್ 2.8ರಲ್ಲಿ ಮನೆಯ ಮಾಮೂಲಿ ಟ್ಯೂಬ್‌ಲೈಟ್ ಒಂದೇ ಮುಖ ಕಾಣಿಸಲು ಸಾಕು. ಅಂದರೆ ಅದನ್ನು ಹಾಗೇ ಬಿಟ್ಟರೆ ಅದೂ ನಿಮ್ಮ ಇನ್ನೊಂದು ಕೀ ಲೈಟ್, ಅಂದರೆ ಮುಖ ಬೆಳಗುವ ಮುಖ್ಯ ಲೈಟ್.

ಈಗ ನೆಲ, ಗೋಡೆ ನೋಡಿ. ಹಳೆ ಮೈಸೂರು ಮನೆಗಳ ರೆಡ್ ಆಕ್ಸೈಡ್ ನೆಲ ಕಣ್ಣಿಗೆ ಎಷ್ಟು ಚೆಂದವೋ ಲೈಟಿಂಗ್‌ಗೆ ಅಷ್ಟೇ ಕಾಟ. ಮೇಲಿನಿಂದ ಬಿದ್ದ ಬೆಳಕು ಅದರಿಂದ ಪುಟಿದು ಗಲ್ಲದ ಕೆಳಗೆ, ಕತ್ತಿನ ಮೇಲೆ, ಮೂಗಿನ ಅಡಿಯಲ್ಲಿ ಕೆಂಪು ಛಾಯೆ ತರುತ್ತದೆ. ಗಿಳಿ ಹಸಿರು, ಪಿಸ್ತಾ ಬಣ್ಣದ ಗೋಡೆ ದವಡೆಯನ್ನು ಹಸಿರು ಮಾಡುತ್ತದೆ. ಕ್ಯಾಮೆರಾಗೆ ಕಾಣದ ಕಡೆಯ ನೆಲಕ್ಕೆ ಕಪ್ಪೋ ಬೂದಿಯೋ ಬಣ್ಣದ ಬಟ್ಟೆ ಹಾಸಿ, ನಟರಿಗೆ ಹತ್ತಿರದ ಬಣ್ಣದ ಗೋಡೆಗೆ ಬೆಡ್‌ಶೀಟ್ ಇಳಿಬಿಡಿ. ವೈಟ್ ಬ್ಯಾಲೆನ್ಸ್‌ನಿಂದ (ಬಿಳಿ ಬಿಳಿಯಾಗೇ ಕಾಣುವಂತೆ ಕ್ಯಾಮೆರಾದ ಬಣ್ಣ ಹೊಂದಿಸುವುದು) ಇದನ್ನು ತಿದ್ದಲಾಗದು, ಯಾಕೆಂದರೆ ಬಣ್ಣ ಕೂತಿರುವುದು ಮುಖದ ಒಂದು ಭಾಗದ ಮೇಲೆ ಮಾತ್ರ.

ಲೈಟ್ ಉಳಿಸಲು ಕಿಟಕಿಯನ್ನೇ ಬಳಸುವವರಿಗೆ ಒಂದು ಎಚ್ಚರಿಕೆ. "ಉತ್ತರದ ಕಿಟಕಿಗೆ ಬಿಸಿಲು ಬೀಳುವುದೇ ಇಲ್ಲ" ಅನ್ನುವುದು ಯುರೋಪಿನ ಲೆಕ್ಕ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಟಮಟ ಮಧ್ಯಾಹ್ನದಲ್ಲೂ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಯನ್ನು ನಂಬಿ ಮೂರು ಗಂಟೆಯ ದೃಶ್ಯ ಹಾಕಿಕೊಳ್ಳಬೇಡಿ.

## ಹಂತ 2: ಕರೆಂಟ್ ಲೆಕ್ಕ (5 ನಿಮಿಷ)

ಮನೆಯ ಸಣ್ಣ ಸಾಕೆಟ್ 6 ಆಂಪಿಯರ್‌ನದು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ 1,380 ವ್ಯಾಟ್. ಎರಡು ಮೂರು ಎಲ್ಇಡಿಗೆ ಅದು ಧಾರಾಳ. ಹಳೆಯ 1,000 ವ್ಯಾಟ್ ಹ್ಯಾಲೊಜೆನ್ ಒಂದೇ 4.3 ಆಂಪಿಯರ್ ಎಳೆಯುತ್ತದೆ. ಅಂಥವೆರಡನ್ನು ಒಂದೇ ಬಾಕ್ಸಿಗೆ ಚುಚ್ಚಿದರೆ ಟ್ರಿಪ್ ಆಗಬೇಕು, ಆಗದಿದ್ದರೆ ಪ್ಲಗ್ ಕರಗುತ್ತದೆ. ಪ್ಲಗ್ ಮುಟ್ಟಿದರೆ ಬಿಸಿ ಇದೆಯೆ? ಸುಟ್ಟ ವಾಸನೆ ಬರುತ್ತಿದೆಯೆ? ಅಲ್ಲಿಗೆ ನಿಲ್ಲಿಸಿ. ಹ್ಯಾಲೊಜೆನ್ ಮುಂದೆ ಬಟ್ಟೆ ಕಟ್ಟುವುದಿದ್ದರೆ ಕನಿಷ್ಠ 3 ಅಡಿ ದೂರ. ಥರ್ಮಾಕೋಲ್ ಅಂತೂ ಹತ್ತಿರ ತಂದರೆ ಕರಗಿಯೇ ಹೋಗುತ್ತದೆ.

ರಿಪೇರಿಗೆಂದು ಕರೆಂಟ್ ತೆಗೆಯುವ ದಿನವನ್ನು ಈ ಕಡೆಗೆ ವಿದ್ಯುತ್ ಕೊಡುವ ನಿಗಮವಾದ ಸೆಸ್ಕ್ ಮೊದಲೇ ಪತ್ರಿಕೆಗಳಲ್ಲಿ ತಿಳಿಸುತ್ತದೆ. ಶೂಟಿಂಗ್ ದಿನ ಗೊತ್ತುಮಾಡುವ ಮೊದಲು ನಿಮ್ಮ ಬಡಾವಣೆಯ ಹೆಸರು ಅದರಲ್ಲಿದೆಯೇ ನೋಡಿಕೊಳ್ಳಿ. ಮನೆಯ ಯುಪಿಎಸ್ ಮೇಲೆ ಶೂಟ್ ಮಾಡುವುದಾದರೆ ಒಂದು ಟೆಸ್ಟ್ ಕ್ಲಿಪ್ ತೆಗೆದು ನೋಡಿ. ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಕೆಲವು ಎಲ್ಇಡಿಗಳು ಗುಂಯ್‌ಗುಡುತ್ತವೆ, ಕೆಲವು ಮಿನುಗುತ್ತವೆ.

## ಹಂತ 3: ನಟರ ಜಾಗ, ಆಮೇಲೆ ಕ್ಯಾಮೆರಾ (10 ನಿಮಿಷ)

ಲೈಟ್ ಇನ್ನೂ ಹಾಕಿಲ್ಲ. ಟ್ಯೂಬ್‌ಲೈಟನ್ನೇ ಮತ್ತೆ ಹಾಕಿಕೊಂಡು ದೃಶ್ಯವನ್ನು ಒಮ್ಮೆ ನಡೆಸಿ. ನಟರು ಎಲ್ಲಿ ನಿಲ್ಲುತ್ತಾರೆ, ಯಾವ ಮಾತಿಗೆ ತಿರುಗುತ್ತಾರೆ, ಎಲ್ಲಿ ಕೂರುತ್ತಾರೆ ಅನ್ನುವುದನ್ನೆಲ್ಲ ನೆಲದ ಮೇಲೆ ಟೇಪ್‌ನಿಂದ ಗುರುತು ಮಾಡಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ.

ನಟರಿಂದ ಹಿಂದಿನ ಗೋಡೆಗೆ ಕನಿಷ್ಠ 5 ಅಡಿ, ಸಾಧ್ಯವಾದರೆ 6 ಅಡಿ ಬಿಡಿ. ಗೋಡೆ ನೆರಳು ಬೀಳುವ ಸಮಸ್ಯೆಯ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ. ಕೋಣೆ ಸಾಲದಿದ್ದರೆ ಕ್ಯಾಮೆರಾವನ್ನು ಬಾಗಿಲಾಚೆ ಪ್ಯಾಸೇಜಿಗೆ ಒಯ್ಯಿರಿ, ಇಲ್ಲವೇ ಮೂಲೆಯಿಂದ ಮೂಲೆಗೆ ಇಡಿ. 12ಕ್ಕೆ 15 ಅಡಿಯ ಕೋಣೆಯ ಕರ್ಣ ಸುಮಾರು 19 ಅಡಿ. ನಟರನ್ನು ಗೋಡೆಗೆ ಒತ್ತಿ ಜಾಗ ಮಾಡಿಕೊಂಡರೆ ಮುಂದಿನ ಯಾವ ಹಂತವೂ ಅದನ್ನು ಸರಿಮಾಡಲಾರದು.

ರಂಗಾಯಣದ ಊರಾದ್ದರಿಂದ ಮೈಸೂರಿನಲ್ಲಿ ರಂಗಭೂಮಿಯ ಕಲಾವಿದರು ಸಿಗುತ್ತಾರೆ, ಅದು ಪುಣ್ಯ. ಆದರೆ ಹ್ಯಾಲೊಜೆನ್ ಬಿಸಿ ಮುಖಕ್ಕೆ ತಾಗಿದಾಗ "ಬೆಳಕಿಗೆ ಬಂದೆ" ಎಂದು ಗುರುತಿಸುವ ಅಭ್ಯಾಸ ಅವರಿಗಿರುತ್ತದೆ. ಎಲ್ಇಡಿಯಲ್ಲಿ ಆ ಶಾಖ ಸಿಗುವುದಿಲ್ಲ. "ಕಣ್ಣಂಚಿನಲ್ಲಿ ಸಾಫ್ಟ್‌ಬಾಕ್ಸ್ ಪೂರ್ತಿ ಕಾಣಬೇಕು, ಅಷ್ಟೇ ನಿಮ್ಮ ಗುರುತು" ಎಂದು ಹೇಳಿಕೊಡಿ. ಕೆಳಗೆ ನೋಡದೆ ನಿಲ್ಲಬೇಕಾದ ಕಡೆ ಸ್ಯಾಂಡ್‌ಬ್ಯಾಗ್ ಇಡಿ, ಕಾಲಿಗೆ ತಾಗಿದರೆ ಸಾಕು.

## ಹಂತ 4: ಕೀ ಲೈಟ್ (15 ನಿಮಿಷ)

ಸಮಯದ ದೊಡ್ಡ ಪಾಲು ಇದಕ್ಕೇ ಇರಲಿ. ಕೋಣೆ ಮತ್ತೆ ಕತ್ತಲು ಮಾಡಿ, ಈ ಒಂದೇ ಲೈಟ್ ಹಾಕಿ. ಇದರಲ್ಲೇ ಮುಖ ಚೆಂದ ಕಾಣದಿದ್ದರೆ ಇನ್ನು ನಾಲ್ಕು ಸೇರಿಸಿದರೂ ಕಾಣುವುದಿಲ್ಲ.

ಯಾವ ಕಡೆ? ಕ್ಯಾಮೆರಾದ ಎಡವೋ ಬಲವೋ ಎಂದು ಯೋಚಿಸಬೇಡಿ, ನಟರ ಮೂಗು ತಿರುಗಿರುವ ದಿಕ್ಕನ್ನು ನೋಡಿ. ನಟಿ ಎದುರಿನವರನ್ನು ನೋಡಿ ಮಾತಾಡುತ್ತಾಳೆ, ಆ ನೋಟದ ಗೆರೆಯ ಒಂದು ಬದಿಗೆ ಕ್ಯಾಮೆರಾ ಇದೆ. ಕೀ ಲೈಟ್ ಗೆರೆಯ ಇನ್ನೊಂದು ಬದಿಗೆ ಹೋಗಬೇಕು. ಆಗ ಕ್ಯಾಮೆರಾ ಕಡೆಗಿರುವ ಕೆನ್ನೆ ನೆರಳಿನದು, ಆಚೆಯದು ಬೆಳಕಿನದು. ಮುಖಕ್ಕೆ ಆಕಾರ ಬರುವುದು ಹೀಗೆ. ಕ್ಯಾಮೆರಾ ಪಕ್ಕದಲ್ಲೇ ಲೈಟ್ ನಿಲ್ಲಿಸಿದ್ದೇ ಚಪ್ಪಟೆ ಮುಖಕ್ಕೆ ಕಾರಣ.

ಎಷ್ಟು ಎತ್ತರ? ಸಾಫ್ಟ್‌ಬಾಕ್ಸ್‌ನ ನಡುಭಾಗ ನಟರ ಕಣ್ಣಿಗಿಂತ ಒಂದರಿಂದ ಒಂದೂವರೆ ಅಡಿ ಮೇಲೆ, ತುಸು ಕೆಳಮುಖವಾಗಿ. ಗುರುತು ಎರಡು: ಮೂಗಿನ ನೆರಳು ಮೇಲ್ತುಟಿಯನ್ನು ಮುಟ್ಟಬಾರದು, ಕಣ್ಣಿನ ಪಾಪೆಯ ಮೇಲರ್ಧದಲ್ಲಿ ಬಿಳಿ ಚುಕ್ಕೆ ಕಾಣಬೇಕು. ಚುಕ್ಕೆ ಇಲ್ಲ ಅಂದರೆ ಲೈಟ್ ಮೇಲಾಯಿತು, ಕಣ್ಣಿನ ಕೆಳಗೆ ಕಪ್ಪು ಬಿದ್ದಿರುತ್ತದೆ. ತಲೆ ಮೇಲೆ ಸೆರಗು ಹೊದ್ದವರಿಗೆ, ಅಂಚು ಮುಂದಕ್ಕೆ ಬಂದ ಟೋಪಿ ಹಾಕಿದವರಿಗೆ ಲೈಟನ್ನು ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೇ ಇಳಿಸಿ.

ಎಷ್ಟು ದೂರ? ಹೆಚ್ಚಿನವರು ಎಡವುವುದು ಇಲ್ಲಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಲೈಟ್ ನಟರಿಗೆ 3 ಅಡಿಯಲ್ಲಿದ್ದು, ಅವರ ಹಿಂದೆ 6 ಅಡಿಗೆ ಗೋಡೆ ಇದ್ದರೆ, ಗೋಡೆಗೆ ಲೈಟಿನಿಂದ 9 ಅಡಿ. ಅಲ್ಲಿಗೆ ಹೋಗುವುದು ಮುಖದ ಬೆಳಕಿನ ಒಂಬತ್ತನೆಯ ಒಂದು ಪಾಲು, ಅಂದರೆ ಮೂರು ಸ್ಟಾಪ್‌ಗಿಂತಲೂ ಹೆಚ್ಚಿನ ಇಳಿತ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಅದೇ ಲೈಟನ್ನು 6 ಅಡಿಗೆ ಸರಿಸಿದರೆ ಗೋಡೆಗೆ 12 ಅಡಿ ಆಗಿ ಕಾಲು ಪಾಲು, ಅಂದರೆ ಎರಡೇ ಸ್ಟಾಪ್ ಕಡಿಮೆ. ಬಿಳಿ ಗೋಡೆ ಕಪ್ಪಗಾಗಬೇಕೆ? ಲೈಟನ್ನು ಹತ್ತಿರ ತನ್ನಿ, ಪವರ್ ಇಳಿಸಿ. ಹತ್ತಿರ ಬಂದಷ್ಟೂ ನೆರಳಿನ ಅಂಚು ಮೆದುವಾಗುವುದು ಮೇಲಿನ ಲಾಭ.

ಇದರಲ್ಲೊಂದು ಪೇಚಿದೆ. 3 ಅಡಿಯಲ್ಲಿರುವ ಲೈಟಿನತ್ತ ನಟ ಒಂದು ಅಡಿ ಬಾಗಿದರೆ ಮುಖದ ಬೆಳಕು ಎರಡೂಕಾಲು ಪಟ್ಟಾಗುತ್ತದೆ. 6 ಅಡಿಯಲ್ಲಿದ್ದರೆ ಅದೇ ಬಾಗುವಿಕೆಗೆ ಒಂದೂವರೆ ಪಟ್ಟೂ ಆಗುವುದಿಲ್ಲ. ಹಾಗಾಗಿ ಕೂತು ಮಾತಾಡುವ ದೃಶ್ಯಕ್ಕೆ 3-4 ಅಡಿ, ಎದ್ದು ಓಡಾಡುವ ದೃಶ್ಯಕ್ಕೆ 6 ಅಡಿ. ಮುಖ ನಡುನಡುವೆ ಸುಟ್ಟಂತೆ ಬೆಳ್ಳಗಾಗುತ್ತಿದ್ದರೆ ಕ್ಯಾಮೆರಾ ಸೆಟ್ಟಿಂಗ್ ಮುಟ್ಟಬೇಡಿ, ಮೊದಲು ಈ ದೂರ ನೋಡಿ.

ಸ್ಟ್ಯಾಂಡಿನ ಒಂದು ಕಾಲು ಭಾರ ವಾಲುವ ದಿಕ್ಕಿಗೇ ಇರಲಿ, ಆ ಕಾಲಿನ ಮೇಲೆ ಮರಳು ಚೀಲ ಇಡಿ. ಲೈಟ್ ಸೀಲಿಂಗ್ ಫ್ಯಾನಿನ ರೆಕ್ಕೆಗಿಂತ ಕೆಳಗಿರಬೇಕು. ಮೇಲೆ ಹೋದರೆ, ಅಥವಾ ಸೀಲಿಂಗಿಗೆ ಲೈಟ್ ಹೊಡೆದು ಬೌನ್ಸ್ ಮಾಡಿದರೆ, ತಿರುಗುವ ಫ್ಯಾನ್ ಇಡೀ ಕೋಣೆಯ ಬೆಳಕನ್ನು ಮಿಡಿಸುತ್ತದೆ.

## ಹಂತ 5: ನೆರಳಿನ ಬದಿ (5-10 ನಿಮಿಷ)

ಇಲ್ಲಿ ಎರಡನೆಯ ಲೈಟ್ ಹಾಕುವ ಚಪಲ ತಡೆದುಕೊಳ್ಳಿ. ಬಿಳಿ ಗೋಡೆಯ ಚಿಕ್ಕ ಕೋಣೆಯಲ್ಲಿ ಕೀ ಲೈಟೇ ಸುತ್ತ ಪುಟಿದು ನೆರಳನ್ನು ತುಂಬಿರುತ್ತದೆ. ಬಹಳ ಸಲ ಬೇಕಾಗುವುದು ಇನ್ನಷ್ಟು ಬೆಳಕಲ್ಲ, ನೆರಳಿನ ಬದಿಗೆ 2-3 ಅಡಿ ದೂರದಲ್ಲಿ ಕರಿ ಬಟ್ಟೆ. ತೂಗುಹಾಕಿ, ತೆಗೆದು, ಮತ್ತೆ ಹಾಕಿ ನೋಡಿ. ವ್ಯತ್ಯಾಸ ಮಾನಿಟರ್‌ನಲ್ಲೇ ಗೊತ್ತಾಗುತ್ತದೆ.

ನೆರಳು ತೀರಾ ಗಾಢವಾಗಿದ್ದರೆ ಥರ್ಮಾಕೋಲ್ ಹಿಡಿಯಿರಿ. ಹಾಸ್ಯ, ಜಾಹೀರಾತಿಗೆ ಬೆಳಕಿನ ಕೆನ್ನೆಗೂ ನೆರಳಿನ ಕೆನ್ನೆಗೂ ಒಂದು ಸ್ಟಾಪ್ ಅಂತರ, ಗಂಭೀರ ದೃಶ್ಯಕ್ಕೆ ಎರಡು. ಹಲಗೆಯನ್ನು ಮಡಿಲಲ್ಲಿ ಮಲಗಿಸಬೇಡಿ. ಬೆಳಕು ಕೆಳಗಿನಿಂದ ಬಂದರೆ ದೆವ್ವದ ಸಿನಿಮಾ ಆಗುತ್ತದೆ. ಕೆನ್ನೆಯ ಎತ್ತರಕ್ಕೆ, ನೇರವಾಗಿ ನಿಲ್ಲಿಸಿ.

ಬೂಮ್ ಮೈಕ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿಯುವವರು ಈ ನೆರಳಿನ ಬದಿಯಲ್ಲೇ ನಿಲ್ಲಲಿ. ಕೀ ಕಡೆಯಿಂದ ಬೂಮ್ ಚಾಚಿದರೆ ಅದರ ನೆರಳು ಹಣೆ ಮೇಲೋ ಗೋಡೆ ಮೇಲೋ ಬೀಳುವುದು ಖಂಡಿತ.

## ಹಂತ 6: ಬ್ಯಾಕ್ ಲೈಟ್ ಮತ್ತು ಹಿನ್ನೆಲೆ (10 ನಿಮಿಷ)

ಕಪ್ಪು ಕೂದಲು ಗಾಢ ಹಿನ್ನೆಲೆಯಲ್ಲಿ ಕರಗಿಹೋಗುತ್ತಿದ್ದರೆ ಮಾತ್ರ ಬ್ಯಾಕ್ ಲೈಟ್ ಬೇಕು. ಸಣ್ಣ ಎಲ್ಇಡಿಯನ್ನು ನಟರ ಹಿಂದೆ, ಕೀ ಲೈಟಿಗೆ ಎದುರು ಮೂಲೆಯಲ್ಲಿ, ಎತ್ತರಕ್ಕೆ ಇಡಿ. ಸೀಲಿಂಗ್ ತಗ್ಗಾದ್ದರಿಂದ ಸ್ಟ್ಯಾಂಡ್ ಫ್ರೇಮಿಗೆ ಬರುತ್ತದೆ, ಹಾಗಾಗಿ ಹಗುರವಾದ ಟ್ಯೂಬನ್ನು ಬಾಗಿಲ ಚೌಕಟ್ಟಿನ ಮೇಲೆ ಕ್ಲಿಪ್ ಹಾಕಿ ಕೂರಿಸಿ. ಕರ್ಟನ್ ರಾಡ್‌ಗೆ ಕಟ್ಟಬೇಡಿ, ಅದು ಭಾರ ತಡೆಯುವ ಸಾಮಾನಲ್ಲ. ಎಣ್ಣೆ ಹಚ್ಚಿ ಬಾಚಿದ ತಲೆಗೆ ಅರ್ಧ ಪವರ್ ಸಾಕು, ಜಾಸ್ತಿಯಾದರೆ ನೆತ್ತಿಯೇ ಹೊಳೆಯುತ್ತದೆ. ಮೂಗಿನ ತುದಿಗೆ ಬ್ಯಾಕ್ ಲೈಟ್ ತಾಗಿದ್ದರೆ ಅದು ತುಂಬ ಪಕ್ಕಕ್ಕೆ ಬಂದಿದೆ ಅಂತ ಅರ್ಥ.

ಹಿನ್ನೆಲೆಗೆ ಒಂದು ಟೇಬಲ್ ಲ್ಯಾಂಪ್ ಧಾರಾಳ.

## ಹಂತ 7: ಕ್ಯಾಮೆರಾ ಲಾಕ್ (5 ನಿಮಿಷ)

ನಮ್ಮ ಕರೆಂಟ್ 50 ಹರ್ಟ್ಸ್. ಸೆಕೆಂಡಿಗೆ 24 ಅಥವಾ 25 ಫ್ರೇಮ್‌ಗೆ ಶಟರ್ 1/50 ಸೆಕೆಂಡ್ ಇಡಿ. 30 ಫ್ರೇಮ್‌ನಲ್ಲಿ 1/60 ಇಟ್ಟಾಗಲೇ ಫ್ರೇಮಿನಲ್ಲಿ ಪಟ್ಟೆಗಳು ಓಡಾಡುವುದು. ಮೊಬೈಲ್‌ನಲ್ಲಿ ತೆಗೆಯುವವರು ಮ್ಯಾನುಯಲ್ ಆ್ಯಪ್ ಹಾಕಿಕೊಳ್ಳಲೇಬೇಕು. ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್‌ಗೆ ಲಾಕ್, ಆಟೊ ಬೇಡವೇ ಬೇಡ. ಸ್ಕಿಮ್ಮರ್ (ಬೆಳಕು ಮೆದು ಮಾಡುವ ಪರದೆ) ಬದಲು ಹತ್ತಿ ಪಂಚೆ ಕಟ್ಟಿದ್ದರೆ ಬೆಳಕು ತುಸು ಹಳದಿಯಾಗುತ್ತದೆ. ಆಗ ಬಿಳಿ ಹಾಳೆ ಹಿಡಿದು ಕಸ್ಟಮ್ ಬ್ಯಾಲೆನ್ಸ್ ತೆಗೆದುಕೊಳ್ಳಿ.

ಅಗ್ಗದ ಎಲ್ಇಡಿಗಳನ್ನು ಶೇ. 10ಕ್ಕೆ ಇಳಿಸಿದರೆ ಮಿನುಗುತ್ತವೆ. ಬೆಳಕು ಹೆಚ್ಚಾದರೆ ಲೈಟನ್ನು ಶೇ. 30ರ ಮೇಲೇ ಬಿಟ್ಟು ಇನ್ನೊಂದು ಪದರ ಬಟ್ಟೆ ಹಾಕಿ, ಇಲ್ಲವೇ ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬಳಸಿ.

ವೇವ್‌ಫಾರ್ಮ್ (ಚಿತ್ರದ ಬೆಳಕನ್ನು 0ರಿಂದ 100ರ ಅಂಕಿಯಲ್ಲಿ ತೋರಿಸುವ ಗ್ರಾಫ್) ಇದ್ದರೆ ಗೋಧಿ ಬಣ್ಣದ ಮುಖದ ಬೆಳಕಿನ ಕೆನ್ನೆ 55-65, ಕಪ್ಪು ಮೈಬಣ್ಣದ್ದು 40-50 ಸುತ್ತ ಕೂರಲಿ. ಲಾಗ್ ಪ್ರೊಫೈಲ್‌ಗೆ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ರೆಕಾರ್ಡ್ ಮಾಡುವ ಸೆಟ್ಟಿಂಗ್) ಈ ಅಂಕಿ ಹೊಂದುವುದಿಲ್ಲ. ಕಪ್ಪು ಮುಖವನ್ನು ಗೋಧಿ ಬಣ್ಣದ ಅಂಕಿಗೆ ಎಳೆದು ತಂದರೆ ಬೂದಿ ಬಳಿದಂತಾಗುತ್ತದೆ. ಅಲ್ಲಿ ಬೆಳಕು ಏರಿಸುವ ಬದಲು ಬೆಳಕಿನ ಮೂಲವನ್ನು ದೊಡ್ಡದು ಮಾಡಿ: ಸಾಫ್ಟ್‌ಬಾಕ್ಸ್ ಪಕ್ಕದಲ್ಲೇ ಥರ್ಮಾಕೋಲ್ ನಿಲ್ಲಿಸಿ, ಅದರ ಪ್ರತಿಫಲನ ಕೆನ್ನೆಯೆಲುಬಿನ ಮೇಲೆ ಉದ್ದಕ್ಕೆ ಹಾಯುವಂತೆ ಮಾಡಿ. ಆ ಹೊಳಪೇ ಮುಖದ ಆಕಾರ ತೋರಿಸುತ್ತದೆ. ಅಂಥವರಿಗೆ ಪೌಡರ್ ಮೆತ್ತಿ ಹೊಳಪನ್ನು ಪೂರ್ತಿ ಸಾಯಿಸಬೇಡಿ.

## ಹಂತ 8: ಕನ್ನಡಕ, ಜರಿ, ಬಿಳಿ ಶರ್ಟ್

ಕನ್ನಡಕ. ಗಾಜಿನಲ್ಲಿ ಸಾಫ್ಟ್‌ಬಾಕ್ಸ್ ಕಂಡರೆ ಲೈಟನ್ನು ಅರ್ಧ ಅಡಿ ಮೇಲೆತ್ತಿ, ತುಸು ಪಕ್ಕಕ್ಕೆ ಸರಿಸಿ. ಆಗಲೂ ಹೋಗದಿದ್ದರೆ ಕಿವಿಯ ಮೇಲಿನ ಕಡ್ಡಿಯನ್ನು ಅರ್ಧ ಸೆಂಟಿಮೀಟರ್ ಎತ್ತಿಸಿ. ಗಾಜು ಕೆಳಮುಖವಾಗಿ ಪ್ರತಿಬಿಂಬ ಜಾರಿಹೋಗುತ್ತದೆ. ರಿಂಗ್ ಲೈಟ್ ಇದ್ದರೆ ಏನು ಮಾಡಿದರೂ ಬಳೆಯಂತೆ ಕಾಣುತ್ತದೆ, ಕಥೆಯ ದೃಶ್ಯಕ್ಕೆ ಅದನ್ನು ತರಲೇಬೇಡಿ.

ಜರಿ, ಒಡವೆ. ಮೈಸೂರು ಸಿಲ್ಕ್ ಸೀರೆಯ ಜರಿ ಅಂಚು ಸಣ್ಣ ಬ್ಯಾಕ್ ಲೈಟಿಗೆ ಕಣ್ಣು ಕೋರೈಸುತ್ತದೆ. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ಉಪಯೋಗವಿಲ್ಲ, ಲೋಹದ ಹೊಳಪಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಬ್ಯಾಕ್ ಲೈಟ್ ಮುಂದೆ ಬಟ್ಟೆ ಕಟ್ಟಿ ಮೆದು ಮಾಡಿ. ಬಾಡಿಗೆ ಒಡವೆಯಾದರೆ ಪಫ್‌ನಿಂದ ಟಾಲ್ಕಂ ಪೌಡರ್ ಸವರಿ.

ಬಿಳಿ ಶರ್ಟ್, ಪಂಚೆ. ಮಂಡ್ಯದ ಗೌಡರ ಪಾತ್ರಕ್ಕೆ ಬಿಳಿ ಬಟ್ಟೆ ತಪ್ಪಿಸುವಂತಿಲ್ಲ, ಆದರೆ ನೀಲಿ ಹಾಕಿ ಒಗೆದ ಶರ್ಟ್ ಕ್ಯಾಮೆರಾದಲ್ಲಿ ಮುಖವನ್ನೇ ನುಂಗಿಹಾಕುತ್ತದೆ. ಹಿಂದಿನ ದಿನವೇ ತಿಳಿ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ. ಕಣ್ಣಿಗೆ ಮಾಸಿದಂತೆ ಕಂಡರೂ ತೆರೆಯ ಮೇಲೆ ಬಿಳಿಯೇ. ಅಷ್ಟು ಪುರಸೊತ್ತಿಲ್ಲದಿದ್ದರೆ ಕೀ ಲೈಟಿನ ಕೆಳಭಾಗಕ್ಕೆ ಕಟ್ಟರ್ (ಬೆಳಕು ತಡೆಯುವ ಹಲಗೆ ಇಲ್ಲವೇ ಬಟ್ಟೆ) ತಂದು ಎದೆಯಿಂದ ಕೆಳಗಿನ ಬೆಳಕು ತಗ್ಗಿಸಿ.

ಶಬ್ದಕ್ಕೆಂದು ಫ್ಯಾನ್ ಆರಿಸಿದ ಹತ್ತು ನಿಮಿಷಕ್ಕೆ ಮೂಗು, ಹಣೆ ಬೆವರುತ್ತವೆ. ಮೊದಲು ಟಿಶ್ಯೂ ಒತ್ತಿ ಬೆವರು ತೆಗೆದು, ಆಮೇಲೆ ಪೌಡರ್. ಬೆವರಿನ ಮೇಲೇ ಪೌಡರ್ ಹಾಕಿದರೆ ತೇಪೆ ತೇಪೆ.

## ಇಬ್ಬರು ಎದುರು ಬದುರು ಕೂತಾಗ

ನಾಲ್ಕು ಲೈಟ್ ಬೇಡ, ಎರಡರಲ್ಲೇ ಆಗುತ್ತದೆ. ಇಬ್ಬರ ನಡುವೆ ಒಂದು ಗೆರೆ ಎಳೆದುಕೊಳ್ಳಿ. ಕ್ಯಾಮೆರಾ ಈಚೆ, ಎರಡೂ ಲೈಟ್ ಆಚೆ. ಒಂದೊಂದು ಲೈಟ್ ಒಬ್ಬೊಬ್ಬರ ಬೆನ್ನ ಹಿಂದಿನ ಮೂಲೆಯಿಂದ ಎದುರಿನವರ ಮುಖಕ್ಕೆ ಬೀಳಲಿ. ಎದುರಿನವರಿಗೆ ಅದು ಕೀ, ಹತ್ತಿರದವರಿಗೆ ಬ್ಯಾಕ್ ಲೈಟ್. ಹತ್ತಿರದವರ ಭುಜ ಸುಟ್ಟಂತೆ ಕಾಣುವುದು ಇದರ ಮಾಮೂಲಿ ತೊಂದರೆ. ಲೈಟನ್ನು ಎತ್ತರಿಸಿ, ಅದರ ಕೆಳ ಅಂಚಿಗೆ ಎರಡು ಪದರ ಬಟ್ಟೆ ಕ್ಲಿಪ್ ಮಾಡಿ.

## ಶಾಟ್ ತೆಗೆಯುವ ಕ್ರಮ

ಸಂಭಾಷಣೆಯ ಕ್ರಮದಲ್ಲಿ ತೆಗೆದರೆ ಪ್ರತಿ ಮಾತಿಗೂ ಲೈಟ್ ಎತ್ತಿಡಬೇಕು. ಒಂದೇ ದಿಕ್ಕಿನ ವೈಡ್, ಭುಜದ ಮೇಲಿನ ಶಾಟ್, ಕ್ಲೋಸಪ್ ಎಲ್ಲ ಮುಗಿಸಿ, ಆಮೇಲೆ ಒಂದೇ ಸಲ ಕ್ಯಾಮೆರಾ ತಿರುಗಿಸಿ. ಕ್ಲೋಸಪ್‌ಗೆ ಕೀ ಲೈಟನ್ನು ಒಂದು ಅಡಿ ಹತ್ತಿರ ತಂದು ಪವರ್ ಇಳಿಸಬಹುದು, ದಿಕ್ಕು ಮಾತ್ರ ಬದಲಿಸಬೇಡಿ. ವೈಡ್‌ನಲ್ಲಿ ಎಡಗೆನ್ನೆ, ಕ್ಲೋಸಪ್‌ನಲ್ಲಿ ಬಲಗೆನ್ನೆ ಬೆಳಗಿದರೆ ನೋಡುವವರಿಗೆ ತಕ್ಷಣ ಎಡವಟ್ಟು ಕಾಣುತ್ತದೆ.

ಒಟ್ಟು 40 ನಿಮಿಷವೇ ಇದ್ದರೆ 1, 3, 4ನೇ ಹಂತ ಮಾಡಿ, ಶಟರ್ ಮತ್ತು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಶುರು ಹಚ್ಚಿಕೊಳ್ಳಿ. ಬ್ಯಾಕ್ ಲೈಟ್ ಇಲ್ಲದ ದೃಶ್ಯವನ್ನು ಯಾರೂ ಗಮನಿಸುವುದಿಲ್ಲ, ಗೋಡೆಗೆ ಅಂಟಿದ ನೆರಳನ್ನು ಎಲ್ಲರೂ ಗಮನಿಸುತ್ತಾರೆ.

## ಕರೆಂಟ್ ಹೋಗಿ ಬಂದರೆ, ಮರುದಿನ ಮುಂದುವರಿಸಿದರೆ

ಕರೆಂಟ್ ಹೋದ ಕೂಡಲೇ ಎಲ್ಲ ಲೈಟಿನ ಸ್ವಿಚ್ ಆರಿಸಿ. ಬಂದ ಎರಡು ನಿಮಿಷದ ನಂತರ ಒಂದೊಂದಾಗಿ ಹಾಕಿ. ವೋಲ್ಟೇಜ್ ಏರುಪೇರಾಗುವುದು ಆ ಹೊತ್ತಿನಲ್ಲೇ. ಕೆಲವು ಲೈಟುಗಳು ಹಳೆಯ ಶೇಕಡಾವಾರು ಮರೆತು ಪೂರ್ತಿ ಪವರ್‌ನಲ್ಲಿ ಹೊತ್ತಿಕೊಳ್ಳುತ್ತವೆ. ಹಾಗಾಗಿ ಮೊದಲ ಓಕೆ ಟೇಕ್ ಆದ ತಕ್ಷಣ ಮೊಬೈಲ್‌ನಲ್ಲಿ ಮೂರು ಫೋಟೊ ತೆಗೆದಿಡಿ: ಪ್ರತಿ ಲೈಟಿನ ಡಿಸ್‌ಪ್ಲೇ, ಇಡೀ ಕೋಣೆ, ಮಾನಿಟರ್‌ನಲ್ಲಿ ಕಾಣುವ ಫ್ರೇಮ್. ನಟರ ಮೂಗಿನಿಂದ ಸಾಫ್ಟ್‌ಬಾಕ್ಸ್ ಬಟ್ಟೆಗೆ ಎಷ್ಟು, ನೆಲದಿಂದ ಅದರ ನಡುವಿಗೆ ಎಷ್ಟು ಎಂದು ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ಸ್ಟ್ಯಾಂಡಿನ ಮೂರು ಕಾಲಿನ ತುದಿಗೂ ನೆಲದ ಮೇಲೆ ಟೇಪ್ ಅಂಟಿಸಿ. ಸ್ಟುಡಿಯೊ ಬೇರೆಯವರದಾದರೆ, ಸಂಜೆ ಗುಡಿಸುವವರು ಅದನ್ನು ಕಿತ್ತುಹಾಕದಂತೆ ಹೇಳಿ ಹೊರಡಿ.